ಕಾಫಿ ಕಸಿ: ಯಾವ ಕೊಂಬೆ ಕಡಿದರೆ ಮತ್ತೆ ಬರುತ್ತೆ, ಯಾವುದು ಬರಲ್ಲ?

ಬೇಲೂರು: ಕುಯ್ಲು ಮುಗಿಯುತ್ತಾ ಬಂತು ಅಂದ್ರೆ ಅರೇಹಳ್ಳಿ, ಬಿಕ್ಕೋಡು ಕಡೆಯ ತೋಟಗಳಲ್ಲಿ ಮುಂದಿನ ಮಾತು ಕಸಿಯದ್ದೇ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕತ್ತರಿ, ಗರಗಸ, ಕತ್ತಿ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಕಸಿ ಆಳು ಸಿಗ್ತಾರಾ, ಗಿಡಕ್ಕೆ ಎಷ್ಟು ಕೇಳ್ತಾರೆ ಅನ್ನೋ ವಿಚಾರಣೆ ಟೀ ಅಂಗಡಿಯಲ್ಲೇ ಶುರುವಾಗುತ್ತೆ.

ಹಳೇಬೀಡು, ಮಾದಿಹಳ್ಳಿ ಕಡೆಯ ಬಯಲು ಓದುಗರಿಗೆ ಒಂದು ಮಾತು. ನಿಮಗೆ ಕಸಿ ಅಂದ್ರೆ ಮಾವಿಗೋ ಸಪೋಟಕ್ಕೋ ಕಟ್ಟುವ ಕಸಿ, ಅಂದರೆ ಎರಡು ಗಿಡ ಕೂಡಿಸೋದು. ಮಲೆನಾಡು ಸೆರಗಿನಲ್ಲಿ ಅದೇ ಪದಕ್ಕೆ ಕತ್ತರಿಸೋದು ಅಂತ ಅರ್ಥ. ಕಾಫಿ ಗಿಡ ಕತ್ತರಿಸಿದರೆ ಗಿಡಕಸಿ, ನೆರಳಿನ ಮರ ಸವರಿದರೆ ಮರಗಸಿ. ಒಂದೇ ತಾಲ್ಲೂಕು, ಒಂದೇ ಪದ, ಎರಡು ತದ್ವಿರುದ್ಧ ಕೆಲಸ!

ಈಗ ವಿಷಯಕ್ಕೆ ಬರೋಣ. 2024–25ರಲ್ಲಿ ಕಾಫಿ ದರ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ದರ ಏರಿದಾಗ ತೋಟದಲ್ಲಿ ಎರಡು ಥರದ ಯಡವಟ್ಟು ಆಗುತ್ತೆ. ಕೆಲವರು ಒಂದು ಕೊಂಬೆ ಕಡಿಯೋಕೂ ಮನಸ್ಸು ಬಾರದೆ ಗಿಡವನ್ನು ಪೊದೆ ಮಾಡಿಕೊಳ್ತಾರೆ. ಇನ್ನು ಕೆಲವರು ಆಳು ಸಿಗಲ್ಲ ಅಂತ ಗಿಡಕ್ಕಿಷ್ಟು ಅಂತ ಗುತ್ತಿಗೆ ಕೊಡ್ತಾರೆ. ಗುತ್ತಿಗೆಯವರಿಗೆ ಗಿಡದ ಲೆಕ್ಕ ಮುಖ್ಯ, ಕೊಂಬೆಯ ಲೆಕ್ಕ ಅಲ್ಲ. ಎರಡರ ಪೆಟ್ಟೂ ಆ ವರ್ಷ ಕಾಣಲ್ಲ, ಮುಂದಿನ ಕುಯ್ಲುಗಳಲ್ಲಿ ಕಾಣುತ್ತೆ. ಅದೇ ಹಣ ಬೇಲೂರು ಪೇಟೆಯ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ದಿನಸಿ ಅಂಗಡಿಗಳ ಸಾಲದ ಪುಸ್ತಕದವರೆಗೂ ಹರಿಯೋದರಿಂದ ಇದು ಬರೀ ಬೆಳೆಗಾರರ ಚಿಂತೆಯಲ್ಲ.

ಗಿಡದಲ್ಲಿ ಎರಡು ಜಾತಿ ಕೊಂಬೆ

ಕಾಫಿ ಗಿಡದ ಹತ್ತಿರ ನಿಂತು ನೋಡಿ. ನೆಟ್ಟಗೆ ಮೇಲಕ್ಕೆ ಹೋಗುವ ಒಂದು ಕಾಂಡ. ಅದರ ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಅಡ್ಡ ಕೊಂಬೆ. ಇದನ್ನೇ ರೆಕ್ಕೆ ಅನ್ನೋಣ. ಹೂವು, ಕಾಯಿ ಎಲ್ಲ ಈ ರೆಕ್ಕೆಯ ಮೇಲೆ ಮತ್ತು ರೆಕ್ಕೆಯಿಂದ ಒಡೆಯುವ ಮರಿಕೊಂಬೆಗಳ ಮೇಲೆ. ಇದಲ್ಲದೆ ಕಾಂಡದಿಂದ ನೆಟ್ಟಗೆ ಮೇಲಕ್ಕೇಳುವ ಚಿಗುರು ಇದೆಯಲ್ಲ, ಅದು ಕಂಬಚಿಗುರು. ಅದು ಇನ್ನೊಂದು ಕಾಂಡ ಆಗೋಕೆ ಹೊರಟಿರೋದು, ಫಸಲಿಗೆ ನೇರವಾಗಿ ಉಪಯೋಗ ಇಲ್ಲ.

ಕಂಬಚಿಗುರನ್ನು ಎಷ್ಟು ಸಲ ಕಿತ್ತರೂ ಕಾಂಡದ ಗೆಣ್ಣಿನಿಂದ ಮತ್ತೆ ಬರುತ್ತೆ. ಮರಿಕೊಂಬೆ ತೆಗೆದರೂ ರೆಕ್ಕೆಯ ಗೆಣ್ಣು ಮತ್ತೆ ಒಡೆಯುತ್ತೆ. ಆದರೆ ರೆಕ್ಕೆಯನ್ನೇ ಕಾಂಡಕ್ಕೆ ಸಮವಾಗಿ ಕಡಿದರೆ ಆ ಗೆಣ್ಣಿನಲ್ಲಿ ಇನ್ನೊಂದು ರೆಕ್ಕೆ ಹುಟ್ಟಲ್ಲ. ಆ ಜಾಗ ಗಿಡ ಇರೋವರೆಗೂ ಬೋಳು. ಬುಡದ ಕಡೆ ಬೋಳು, ತಲೆಯಲ್ಲಿ ಮಾತ್ರ ಸೊಪ್ಪು, ಕೊಡೆ ಬಿಚ್ಚಿಟ್ಟ ಹಾಗೆ ನಿಂತ ಗಿಡಗಳನ್ನು ನೀವು ನೋಡಿರ್ತೀರಿ. ಅವುಗಳಲ್ಲಿ ಬಹಳಷ್ಟು ಅವಸರದ ಕಸಿಯ ಕೂಸುಗಳು. ಉಳಿದವು ದಟ್ಟ ನೆರಳಿನಲ್ಲಿ ಕೆಳಗಿನ ರೆಕ್ಕೆ ಒಣಗಿ ಉದುರಿದವು. ಇಂಥ ಗಿಡವನ್ನು ಸರಿ ಮಾಡೋಕೆ ಇರೋದು ಒಂದೇ ದಾರಿ: ಕೆಳಗಿನಿಂದ ಒಂದು ಒಳ್ಳೆ ಕಂಬಚಿಗುರು ಬಿಟ್ಟು ಹೊಸ ಕಾಂಡ ಬೆಳೆಸೋದು. ಅಂದ್ರೆ ವರ್ಷಗಟ್ಟಲೆ ಕಾಯೋದು.

ಹಾಗಾಗಿ ಕಸಿ ಆಳಿಗೆ ಬೆಳಗ್ಗೆ ಮೊದಲ ಗಿಡದ ಹತ್ತಿರ ನಿಲ್ಲಿಸಿ ಹೇಳಬೇಕಾದ್ದು ಇಷ್ಟೇ: "ಒಣಗಿದ್ದು, ರೋಗ ಬಂದದ್ದು, ನೆಲ ಮುಟ್ಟಿದ್ದು ಬಿಟ್ಟು ಬೇರೆ ಯಾವ ರೆಕ್ಕೆಯನ್ನೂ ಕಾಂಡದವರೆಗೆ ಕಡೀಬೇಡ."

ಹಾಗಾದ್ರೆ ಏನು ಕಡಿಯಬೇಕು?

ಕಾಫಿ ಬಿಡೋದು ಹಿಂದಿನ ಮಳೆಗಾಲದಲ್ಲಿ ಬೆಳೆದ ಕೊಂಬೆಯಲ್ಲಿ. ಒಮ್ಮೆ ಚೆನ್ನಾಗಿ ಕಾಯಿ ಕಚ್ಚಿದ ಗೆಣ್ಣಿನಲ್ಲಿ ಮತ್ತೆ ಅಷ್ಟು ಫಸಲು ನಿರೀಕ್ಷೆ ಮಾಡೋ ಹಾಗಿಲ್ಲ. ಆದ್ದರಿಂದ ಫಸಲು ಕೊಟ್ಟು ಸೋತ ಮರಿಕೊಂಬೆ, ಚಾಟಿಯ ಹಾಗೆ ಸಣ್ಣಗೆ ಉದ್ದಕ್ಕೆ ಹೋದದ್ದು, ಒಂದರ ಮೇಲೊಂದು ಹೆಣೆದುಕೊಂಡದ್ದು, ಒಳಮುಖವಾಗಿ ಕಾಂಡದ ಕಡೆ ತಿರುಗಿದ್ದು, ಇವೆಲ್ಲ ತೆಗೆಯುವ ಸರಕು. ಕಾಂಡದ ಸುತ್ತ ಸುಮಾರು ಅರ್ಧ ಅಡಿ, ಅಂದರೆ 15 ಸೆಂ.ಮೀ. ಜಾಗದಲ್ಲಿರುವ ಮರಿಕೊಂಬೆ, ಚಿಗುರನ್ನೆಲ್ಲ ತೆಗೆದು ಗಿಡದ ಹೊಟ್ಟೆ ತೆರೆಯಬೇಕು. ಇದಕ್ಕೆ ಸೆಂಟರಿಂಗ್ ಅಂತಾರೆ. ರೆಕ್ಕೆ ಹಾಗೇ ಇರುತ್ತೆ, ಅದರ ಬುಡ ಮಾತ್ರ ಚೊಕ್ಕಟ.

ಎಳೆ ಗಿಡದಲ್ಲಿ ಕೆಲಸ ಬೇರೆ. ಅರೇಬಿಕಾವನ್ನು ಮೊದಲು ಎರಡೂವರೆ ಅಡಿಗೆ ತಲೆ ಮುರಿದು, ಆಮೇಲೆ ಒಂದು ಕಂಬಚಿಗುರು ಬಿಟ್ಟು 5 ಅಡಿಗೆ ಎರಡನೇ ಸಲ ತಲೆ ಮುರಿಯೋದು ಹಳೆ ಕ್ರಮ. ರೊಬಸ್ಟಾಗೆ ಮೂರೂವರೆಯಿಂದ 4 ಅಡಿ ಸಾಕು. ತಲೆ ಮುರಿದರೆ ರೆಕ್ಕೆಗಳು ಬಲಿಯುತ್ತವೆ. ರೆಕ್ಕೆಯ ತುದಿ ಚಿವುಟಿದರೆ ಮರಿಕೊಂಬೆ ಒಡೆಯುತ್ತವೆ. ಕಾಯಿ ಕುಯ್ಯೋಕೆ ಏಣಿ ಬೇಡ ಅನ್ನೋದು ಇನ್ನೊಂದು ಲಾಭ.

ಅರೇಬಿಕಾ, ರೊಬಸ್ಟಾ ಎರಡಕ್ಕೂ ಒಂದೇ ಕತ್ತರಿ ಓಡಿಸಬಾರದು. ಅರೇಬಿಕಾದಲ್ಲಿ ಮರಿಕೊಂಬೆ ಹೇರಳ, ಬಿಡಿಸದಿದ್ದರೆ ಪೊದೆಯೇ ಸೈ. ಅತಿಯಾಗಿ ಫಸಲು ಹೊತ್ತ ವರ್ಷ ಕೊಂಬೆಗಳು ತುದಿಯಿಂದ ಒಣಗಿ ಬರೋದೂ ಅದರಲ್ಲೇ. ರೊಬಸ್ಟಾದಲ್ಲಿ ಮರಿಕೊಂಬೆ ಕಡಿಮೆ, ಸೋತ ಕೊಂಬೆಯನ್ನು ಗಿಡವೇ ಎಷ್ಟೋ ಸಲ ಉದುರಿಸುತ್ತೆ. ಅದಕ್ಕೆ ಹಗುರ ಕಸಿ ಸಾಕು. ಮೊಗ್ಗು ಕಟ್ಟಿದ ಕೊಂಬೆ ಕಣ್ಣಿಗೆ ಬೀಳುವ ಹೊತ್ತಿನಲ್ಲಂತೂ ಕೈ ಹಿಡಿತದಲ್ಲಿರಲಿ.

ಕಾಲದ ವಿಚಾರ. ಕುಯ್ಲು ಮುಗಿದ ಮೇಲಿಂದ ಮುಂಗಾರಿಗೆ ಮುಂಚಿನವರೆಗೆ ಅವಕಾಶ. ಅರೇಬಿಕಾ ಬೇಗ ಮುಗಿಯುತ್ತೆ, ರೊಬಸ್ಟಾ ಕುಯ್ಲು ಮಾರ್ಚ್‌ವರೆಗೂ ಎಳೆಯುತ್ತೆ. ಮಧ್ಯೆ ಹೂಮಳೆ. ಸುಮಾರು ಒಂದು ಇಂಚು ಬಿದ್ದರೆ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತೆ. ಹೂವು ಬಿಟ್ಟ ಆ ದಿನಗಳಲ್ಲಿ ತೋಟದೊಳಗೆ ಆಳು ನುಗ್ಗಿಸಿ ಗಿಡ ಅಲುಗಾಡಿಸೋದು ಒಳ್ಳೇದಲ್ಲ.

ಕೊಳೆರೋಗ: ಹೆಸರು ನಮ್ಮದೇ

ಗಿಡದ ಹೊಟ್ಟೆ ಯಾಕೆ ತೆರೀಬೇಕು ಅನ್ನೋದಕ್ಕೆ ಉತ್ತರ ಜುಲೈ, ಆಗಸ್ಟ್‌ನಲ್ಲಿ ಸಿಗುತ್ತೆ. ಬಿಡದೆ ಮಳೆ, ಮಂಜು, ಗಾಳಿ ಆಡದ ಪೊದೆ, ಇಷ್ಟು ಸೇರಿದರೆ ಕೊಳೆರೋಗ. ಎಲೆ ಕಪ್ಪಾಗಿ ಕೊಳೆತು, ಸಣ್ಣ ನೂಲಿಗೆ ಕಟ್ಟಿದ ಹಾಗೆ ಕೊಂಬೆಯಲ್ಲೇ ಜೋತಾಡುತ್ತೆ, ಕಾಯಿ ಉದುರುತ್ತೆ. ಈ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರಲ್ಲೇ ನಮ್ಮ ಪದ ಇದೆ: ಕೊಳೆರೋಗ ನೋಕ್ಸಿಯಾ. ಅಡಿಕೆಯ ಕೊಳೆರೋಗ ಬೇರೆ, ಅದರ ಶಿಲೀಂಧ್ರವೇ ಬೇರೆ. ಹೆಸರು ಒಂದೇ ಆದ್ದರಿಂದ ಗೊಂದಲ ಆಗೋದುಂಟು.

ಮಳೆಗೆ ಮುಂಚೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯೋದು ಎಲ್ಲರಿಗೂ ಗೊತ್ತು: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಆದರೆ ಪೊದೆಯಾದ ಗಿಡದಲ್ಲಿ ಔಷಧಿ ಹೊರಗಿನ ಎಲೆಗೆ ಬಿದ್ದು ಅಲ್ಲೇ ನಿಲ್ಲುತ್ತೆ. ಕಸಿ ಮಾಡದೆ ಸ್ಪ್ರೇ ಮಾಡಿದರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ.

ಕೊರಕ ಹುಳ: ಅರೇಬಿಕಾಗೆ ಒಂದು, ರೊಬಸ್ಟಾಗೆ ಇನ್ನೊಂದು

ಹಾಗಂತ ಪೂರ್ತಿ ಬಿಸಿಲು ಬಿಡೋ ಹಾಗೂ ಇಲ್ಲ. ಅರೇಬಿಕಾ ಕಾಂಡಕ್ಕೆ ಬಿಸಿಲು ಹೊಡೆದರೆ ಬಿಳಿ ಕಾಂಡಕೊರಕಕ್ಕೆ ಕರೆದು ಊಟ ಹಾಕಿದಂತೆ. ಅದರ ದುಂಬಿ ಬಿಸಿಲಿಗೆ ಕಾದ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ, ಮರಿಹುಳ ಒಳಗೆ ಕೊರೆಯುತ್ತೆ. 1860ರ ದಶಕದಲ್ಲಿ ಮೈಸೂರು, ಕೊಡಗಿನ ತೋಟಗಳನ್ನು ಈ ಹುಳ ಹಾಳುಗೆಡವಿದಾಗ ಮದ್ರಾಸ್ ಸರ್ಕಾರದ ವೈದ್ಯ ಜಾರ್ಜ್ ಬಿಡೀ 1869ರಲ್ಲಿ ವರದಿ ಕೊಟ್ಟ. ನೆರಳಿನ ಮಹತ್ವದ ಮಾತು ಆಗಲೇ ಬಂದಿತ್ತು. ದುಂಬಿ ಹಾರುವ ಕಾಲ ಎರಡು: ಏಪ್ರಿಲ್–ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಕಸಿಗೆ ಇಳಿದಾಗಲೇ ಕಾಂಡದಲ್ಲಿ ಏಣು ಎದ್ದ, ಎಲೆ ಹಳದಿಯಾಗಿ ಸೊರಗಿದ ಗಿಡ ಗುರುತಿಸಿ, ದುಂಬಿ ಹೊರಬರುವ ಮುಂಚೆ ಕಿತ್ತು ಸುಡಬೇಕು. ಕಡಿದು ಬೇಲಿ ಪಕ್ಕ ಸೌದೆಗೆ ಒಟ್ಟಿದರೆ ದುಂಬಿ ಅಲ್ಲಿಂದಲೇ ಹೊರಡುತ್ತೆ.

ರೊಬಸ್ಟಾದ ಶತ್ರು ಬೇರೆ. ಎಳೆ ಕೊಂಬೆಯ ಅಡಿಭಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು, ಅಲ್ಲಿಂದ ತುದಿಯವರೆಗೆ ಎಲೆ ಬಾಡಿದ್ದರೆ ಅದು ರೆಂಬೆಕೊರಕ. ತೂತಿನಿಂದ ಕಾಂಡದ ಕಡೆಗೆ 2–3 ಇಂಚು ಬಿಟ್ಟು ಕತ್ತರಿಸಿ ಸುಡಬೇಕು. ಕಸಿಯ ಉಳಿದ ಸೊಪ್ಪು, ಆರೋಗ್ಯವಾದ ಕೊಂಬೆ ಗಿಡದ ಬುಡದಲ್ಲೇ ಮುಚ್ಚಿಗೆಯಾಗಿ ಬಿದ್ದಿರಲಿ, ಅದನ್ನೆಲ್ಲ ಗುಡಿಸಿ ಬೆಂಕಿ ಇಡೋದು ದಂಡ.

ಮುದಿ ತೋಟಕ್ಕೆ ಬುಡಕಸಿ

ಬೋಳಾದ ಹಳೇ ಗಿಡವನ್ನು ನೆಲದಿಂದ ಒಂದಡಿ ಮೇಲೆ ಓರೆಯಾಗಿ ಕೊಯ್ದು, ಬರುವ ಚಿಗುರಲ್ಲಿ ಗಟ್ಟಿಯಾದ ಒಂದೆರಡು ಉಳಿಸಿ ಬೆಳೆಸಬಹುದು. ಓರೆ ಯಾಕೆ? ಮಳೆ ನೀರು ನಿಲ್ಲಬಾರದು. ಕೊಯ್ದ ಗಾಯಕ್ಕೆ ಅದೇ ದಿನ ಬೋರ್ಡೋ ಪೇಸ್ಟ್ ಬಳಿಯಬೇಕು: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್. ಬೇರು ಗಟ್ಟಿ ಇದ್ದರೆ ಹೊಸ ಸಸಿ ನೆಡೋದಕ್ಕಿಂತ ಬೇಗ ಫಸಲು. ಆದರೆ ಕಾಂಡಕೊರಕ ಬುಡಕ್ಕೆ ಇಳಿದಿರುವ ಗಿಡಕ್ಕೆ ಇದು ನಡೆಯಲ್ಲ. ಇಡೀ ತೋಟವನ್ನು ಒಂದೇ ವರ್ಷ ಕೊಯ್ದರೆ ಮನೆ ಖರ್ಚಿಗೆ ಏನು ಮಾಡ್ತೀರಿ? ವರ್ಷಕ್ಕೊಂದು ಪಟ್ಟಿಯಂತೆ ಮಾಡಿ. ಅನುಮಾನ ಇದ್ದರೆ ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳನ್ನು ಕರೆಸಿ ತೋರಿಸಬಹುದು. 1925ರಿಂದ ಕೆಲಸ ಮಾಡುತ್ತಿರುವ ಕಾಫಿ ಸಂಶೋಧನಾ ಕೇಂದ್ರವೂ ದೂರವಿಲ್ಲ, ಪಕ್ಕದ ಜಿಲ್ಲೆಯ ಬಾಳೆಹೊನ್ನೂರಿನ ಹತ್ತಿರ.

ಆಳು, ಆನೆ, ಕೂಲಿ

ಗುತ್ತಿಗೆಯೇ ಬೇಡ ಅನ್ನೋಕೆ ಆಗಲ್ಲ, ಆಳಿನ ಕಷ್ಟ ಎಲ್ಲರಿಗೂ ಗೊತ್ತು. ಕೊಡುವುದಾದರೆ ಮೊದಲ ಇಪ್ಪತ್ತು ಗಿಡ ನಿಮ್ಮ ಕಣ್ಣೆದುರು ಆಗಲಿ, ಗಿಡಕ್ಕೆ ಒಂದೆರಡು ರೂಪಾಯಿ ಜಾಸ್ತಿ ಹೋದರೂ ಸರಿ. ಕಸಿ ಬಲ್ಲ ಹಳೇ ಆಳನ್ನು ಮೇಸ್ತ್ರಿಯಾಗಿ ಇಟ್ಟುಕೊಂಡರೆ ಇನ್ನೂ ವಾಸಿ. ಹೊರ ರಾಜ್ಯದ ಹುಡುಗರು ಕೆಲಸಕ್ಕೆ ಹೊಸಬರಷ್ಟೇ, ತೋರಿಸಿಕೊಟ್ಟರೆ ಕಲೀತಾರೆ. ಕತ್ತಿಗಿಂತ ಕತ್ತರಿ ಕೊಡಿ, ಕತ್ತಿ ಬೀಸಿದ ಕಡೆ ತೊಗಟೆ ಸೀಳುತ್ತೆ.

ಅರೇಹಳ್ಳಿ, ಬಿಕ್ಕೋಡು ಭಾಗದಲ್ಲಿ ಕಾಡಾನೆ ವಿಚಾರ ಮರೆಯೋ ಹಾಗಿಲ್ಲ. ಬಗ್ಗಿಕೊಂಡು ಗಿಡದೊಳಗೆ ತಲೆ ಹಾಕಿ ಕೆಲಸ ಮಾಡುವವರಿಗೆ ಹತ್ತಡಿ ಆಚೆ ಏನಿದೆ ಕಾಣಲ್ಲ. ಮುಂಜಾನೆ ಮಂಜು ಕರಗುವ ಮುಂಚೆ ಆಳು ಇಳಿಸಬೇಡಿ, ಅರಣ್ಯ ಇಲಾಖೆಯ ಮೊಬೈಲ್ ಸಂದೇಶ ನೋಡಿಕೊಂಡು ಆ ದಿನದ ತಾಕು ಬದಲಿಸಿ, ಒಬ್ಬೊಬ್ಬರನ್ನೇ ದೂರ ದೂರ ಬಿಡಬೇಡಿ.

ಬೇಸಿಗೆ ಕಸಿ ಆದ ಮೇಲೂ ಕೆಲಸ ಮುಗಿಯಲ್ಲ. ಮಳೆ ಬಿದ್ದ ಕೂಡಲೇ ಕಡಿದ ಕಡೆಯಿಂದೆಲ್ಲ ಕಂಬಚಿಗುರು ನುಗ್ಗುತ್ತೆ. ಎಳೆಯದಿದ್ದಾಗ ಕೈಯಲ್ಲೇ ಚಿವುಟಿದರೆ ಆಯ್ತು, ಕತ್ತರಿಯೂ ಬೇಡ. ಮಳೆಗಾಲದ ಬಿಡುವಿನಲ್ಲಿ ಒಮ್ಮೆ, ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಇನ್ನೊಮ್ಮೆ ಚಿಗುರು ತೆಗೆಸಿ. ಅಷ್ಟರಲ್ಲಿ ಬೆರಳು ಗಾತ್ರ ಬಲಿತಿದ್ದರೆ ಮಾತ್ರ ಕತ್ತರಿ ಹಿಡಿಯಬೇಕಾಗುತ್ತೆ.