ಕ್ಯಾಸ್ಜೆವಿ
ಕ್ಯಾಸ್ಜೆವಿಯು ಸಿಕಲ್ ಸೆಲ್ ರಕ್ತಹೀನತೆ ಹಾಗೂ ಬೀಟಾ ಥಲಸ್ಸೀಮಿಯಾ ರೋಗಗಳಿಗೆ ನೀಡಲಾಗುವ ವಂಶವಾಹಿ ಚಿಕಿತ್ಸೆಯಾಗಿದೆ. ಕ್ರಿಸ್ಪರ್ ತಂತ್ರಜ್ಞಾನವನ್ನು ಆಧರಿಸಿ ಅನುಮೋದನೆ ಪಡೆದ ಮೊದಲ ಚಿಕಿತ್ಸೆಯಿದು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ನೀಡಿದವು.

ಗಮನಾರ್ಹವೆಂದರೆ, ಇದು ದೋಷವುಳ್ಳ ವಂಶವಾಹಿಯನ್ನೇ ತಿದ್ದುವುದಿಲ್ಲ. ಜನನದ ನಂತರ ಭ್ರೂಣ ಹಿಮೋಗ್ಲೋಬಿನ್ನಿನ ಉತ್ಪಾದನೆಯನ್ನು ಅಡಗಿಸುವ ಬಿಸಿಎಲ್11ಎ ವಂಶವಾಹಿಯ ನಿಯಂತ್ರಕ ಭಾಗವನ್ನು, ರೋಗಿಯಿಂದ ಪಡೆದ ಆಕರಕೋಶಗಳಲ್ಲಿ ಕ್ಯಾಸ್9 ಕಿಣ್ವವು ಕತ್ತರಿಸುತ್ತದೆ. ಆಗ ಭ್ರೂಣ ಹಿಮೋಗ್ಲೋಬಿನ್ ಮತ್ತೆ ಉತ್ಪತ್ತಿಯಾಗಿ, ಸಿಕಲ್ ಸೆಲ್ ರೋಗಿಗಳಲ್ಲಿ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವುದು ತಗ್ಗುತ್ತದೆ. ಪ್ರಯೋಗದಲ್ಲಿ ಮೌಲ್ಯಮಾಪನಕ್ಕೆ ಒಳಪಟ್ಟ ಇಂತಹ 31 ರೋಗಿಗಳ ಪೈಕಿ 29 ಮಂದಿಗೆ ಸತತ 12 ತಿಂಗಳಾದರೂ ತೀವ್ರ ನೋವಿನ ಬಾಧೆ ಮರುಕಳಿಸಲಿಲ್ಲ.

ಆದರೆ ತಿದ್ದಿದ ಕೋಶಗಳನ್ನು ಸೇರಿಸುವ ಮುನ್ನ ಬುಸಲ್ಫಾನ್ ಔಷಧದಿಂದ ಅಸ್ಥಿಮಜ್ಜೆಯ ಹಳೆಯ ಕೋಶಗಳನ್ನು ನಾಶಪಡಿಸಬೇಕು. ಇದರಿಂದ ಸಂತಾನಶಕ್ತಿ ಕುಂದಬಹುದು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಸಿಕಲ್ ಸೆಲ್ ರೋಗಿಗಳಲ್ಲಿ ಬಹುಪಾಲು ಜನ ಇರುವುದು ಆಫ್ರಿಕಾದಲ್ಲಿ.