ವಿಟಮಿನ್ ಡಿ ಮತ್ತು ಥೈರಾಯ್ಡ್ ಮಾತ್ರೆ
"ವಿಟಮಿನ್ ಡಿ ತಗೊಂಡ್ರೆ ಥೈರಾಯ್ಡ್ ಮಾತ್ರೆ ಬಿಡಬಹುದಾ?" ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿರಬಹುದು. ಬಿಡಬಾರದು.

1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ವಿವರಿಸಿದ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುತ್ತದೆ. ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುವುದು ಥೈರಾಕ್ಸಿನ್ ಮಾತ್ರೆ, ವಿಟಮಿನ್ ಅಲ್ಲ.

ಇಂಥ ರೋಗಿಗಳಲ್ಲಿ ಡಿ ಕೊರತೆ ಹೆಚ್ಚಾಗಿ ಕಾಣುತ್ತದೆ, ನಿಜ. ಆದರೆ ಕೊರತೆಯಿಂದಲೇ ಕಾಯಿಲೆ ಬಂತು ಅನ್ನೋದು ಸಾಬೀತಾಗಿಲ್ಲ. ಬಿಸಿಲು ಬೀಳದ ಫ್ಲಾಟಿನೊಳಗೇ ದಿನ ಕಳೆಯುವ ಅಮ್ಮಿ, ಆಪಾ ಇದ್ದರೆ ಡಾಕ್ಟರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿ. 60,000 ಯೂನಿಟ್ಟಿನದು ಸಾಮಾನ್ಯವಾಗಿ ವಾರಕ್ಕೊಂದೇ, ದಿನಾ ನುಂಗಬೇಡಿ.

ಇನ್ನೊಂದು ಮಾತು: ಡಿ ಮಾತ್ರೆಯಲ್ಲಿ ಕ್ಯಾಲ್ಸಿಯಂ ಸೇರಿದ್ದರೆ ಅದು ಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತದೆ. ಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳಿ, ಕ್ಯಾಲ್ಸಿಯಂ ಕನಿಷ್ಠ 4 ಗಂಟೆ ಬಿಟ್ಟು.