‘5000 ವ್ಯಾಟ್’ ಸ್ಪೀಕರ್ ಕೊಂಡರೆ ಗಿಟಾರ್ ದನಿ ಜಾತ್ರೆ ಮೈದಾನಕ್ಕೆಲ್ಲ ಕೇಳುತ್ತದೆಯೇ?

‘ಗಿಟಾರಿಗೆ ದುಬಾರಿ ಆಂಪ್ ಬೇಡ, ಡಿಜಿಟಲ್ ಮಾಡೆಲರ್ ಸಾಕು. ಅದಕ್ಕೆ 5000 ವ್ಯಾಟ್ ಬ್ಲೂಟೂತ್ ಸ್ಪೀಕರ್ ಜೋಡಿಸಿ, ಮೈದಾನವೇ ನಡುಗುತ್ತದೆ!’ ಕೆಳಗೊಂದು ಖರೀದಿ ಲಿಂಕ್. ಈ ಧಾಟಿಯ ಫಾರ್ವರ್ಡ್‌ಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆ ಜಾತ್ರೆಗಳಲ್ಲಿ ರಸಮಂಜರಿ ನುಡಿಸುವ ಹುಡುಗರಿಗೆ ಇದು ಸಣ್ಣ ವಿಷಯವಲ್ಲ. ನಾಲ್ಕಾರು ಕಾರ್ಯಕ್ರಮದ ದುಡ್ಡು ಒಂದೇ ಡಬ್ಬಿಗೆ ಹೋಗಿಬಿಡುತ್ತದೆ.

ಸಂದೇಶದ ಮೊದಲರ್ಧ ನಿಜ. ಉಳಿದರ್ಧ ಸುಳ್ಳು.

ಸುಳ್ಳನ್ನು ಹಿಡಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ನಮ್ಮ ಮನೆಯ ಕರೆಂಟು 230 ವೋಲ್ಟ್. 5000 ವ್ಯಾಟ್ ಬೇಕಾದರೆ ಸುಮಾರು 22 ಆಂಪಿಯರ್ ಎಳೆಯಬೇಕು. ಗೀಸರ್‌ಗೆ ಹಾಕುವ ದೊಡ್ಡ ಪ್ಲಗ್ ಕೂಡ 16 ಆಂಪಿಯರ್‌ನದು. ಇನ್ನು ಸ್ಪೀಕರ್ ಜೊತೆ ಬಂದ ಅಡಾಪ್ಟರ್ ತಿರುಗಿಸಿ ನೋಡಿ. ‘12 ವೋಲ್ಟ್, 3 ಆಂಪಿಯರ್’ ಎಂದಿದ್ದರೆ ಗುಣಿಸಿ: 36 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದರೆ ಹೊರಗೆ 5000 ಬರುವುದೆಲ್ಲಿಂದ? (ಒಳಗೆ ಬ್ಯಾಟರಿ ಇದ್ದರೆ ಸ್ವಲ್ಪ ಹೊತ್ತು ಹೆಚ್ಚು ಎಳೆಯಬಹುದು, ಸಾವಿರದ ಲೆಕ್ಕಕ್ಕಂತೂ ಹೋಗುವುದಿಲ್ಲ.)

ಡಬ್ಬಿಯ ಮೇಲಿನ ಆ ಸಂಖ್ಯೆಯ ಪಕ್ಕ ಸಣ್ಣಕ್ಷರದಲ್ಲಿ ‘ಪಿಎಂಪಿಒ’ ಎಂದಿರುತ್ತದೆ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ತಯಾರಕರು ಬರೆದಿದ್ದೇ ಲೆಕ್ಕ. ನೀವು ನೋಡಬೇಕಾದದ್ದು ‘ಆರ್‌ಎಂಎಸ್’ ಅಂಕಿ, ಅಂದರೆ ಸ್ಪೀಕರ್ ಎಡೆಬಿಡದೆ ತಾಳಿಕೊಳ್ಳುವ ಶಕ್ತಿ.

ಅದೊಂದನ್ನೇ ನಂಬಿದರೂ ಸಾಲದು. ವ್ಯಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಹತ್ತಿರಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಅದಕ್ಕೇ ಸೆನ್ಸಿಟಿವಿಟಿ ಕೇಳಿ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್? 97 ಡೆಸಿಬೆಲ್‌ನ ಸ್ಪೀಕರಿಗೆ 10 ವ್ಯಾಟ್ ಕೊಟ್ಟರೂ, 87ರದ್ದಕ್ಕೆ 100 ವ್ಯಾಟ್ ಕೊಟ್ಟರೂ ಸದ್ದು ಒಂದೇ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಕಳೆದುಹೋಗುತ್ತದೆ. ಮೇಲೆ ಜನರ ಗದ್ದಲ ಬೇರೆ. ಮೈಲಾರದ ಕಾರಣಿಕದಲ್ಲಿ ಗೊರವಯ್ಯ ‘ಸದ್ದಲೇ’ ಎಂದೊಡನೆ ಜನಸಾಗರ ಸುಮ್ಮನಾಗುತ್ತದೆ. ಗಿಟಾರಿನವರಿಗೆ ಆ ಭಾಗ್ಯ ಎಲ್ಲಿದೆ?

ಬ್ಲೂಟೂತ್ ವಿಷಯ ಇನ್ನೂ ಕೆಟ್ಟದ್ದು. ಹಾಡು ಕೇಳಲು ಅದು ಚೆನ್ನ. ನುಡಿಸಲು ಹೋದರೆ ತಂತಿ ಮೀಟಿದ ಮೇಲೆ ದನಿ ಬರುವುದಕ್ಕೆ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ 200 ಮಿಲಿಸೆಕೆಂಡ್ ತಡವೆಂದರೆ, ನೀವು ಇಲ್ಲಿ ಮೀಟಿ ಸ್ಪೀಕರನ್ನು 68 ಮೀಟರ್ ಆಚೆ ಇಟ್ಟಂತೆ. ತಬಲಾದವರ ಜೊತೆ ತಾಳ ಕೂಡುವುದೇ ಇಲ್ಲ. ವೈರ್ ಹಾಕಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮಾಡೆಲರ್ ಏನು ಮಾಡುತ್ತದೆಂದು ಗೊತ್ತಾದರೆ ಉತ್ತರ ಸುಲಭ. ಅದು ಆಂಪ್‌ನ ದನಿಯನ್ನಷ್ಟೇ ಅಲ್ಲ, ಆಂಪ್ ಮುಂದಿನ ಸ್ಪೀಕರ್ ಪೆಟ್ಟಿಗೆ, ಅದಕ್ಕೆ ಹಿಡಿದ ಮೈಕ್ ಎಲ್ಲವನ್ನೂ ಅನುಕರಿಸುತ್ತದೆ. ಗಿಟಾರ್ ಸ್ಪೀಕರಿನಲ್ಲಿ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ದನಿ ಥಟ್ಟನೆ ಇಳಿಯುತ್ತದೆ. ಆ ಬಣ್ಣ ಮಾಡೆಲರಿನಲ್ಲೇ ಸೇರಿರುವುದರಿಂದ ಮತ್ತೆ ಗಿಟಾರ್ ಆಂಪ್‌ಗೆ ಹಾಕಿದರೆ ಎರಡು ಸಲ ಸೋಸಿದ ಚಹಾದಂತೆ ದನಿ ಸಪ್ಪೆ, ಮಂಕು. (ಮನೆಯಲ್ಲಿ ಗಿಟಾರ್ ಆಂಪ್ ಇದ್ದೇ ಇದ್ದರೆ, ಮಾಡೆಲರಿನ ‘ಕ್ಯಾಬ್’ ಆಫ್ ಮಾಡಿ ಬಳಸಿ.) ಇದಕ್ಕೆ ಬೇಕಾದದ್ದು ಬಂದದ್ದನ್ನು ಬಂದಂತೆ ಕೇಳಿಸುವ, ತನ್ನ ಬಣ್ಣ ಬಳಿಯದ ಸ್ಪೀಕರ್.

ಮನೆಯ 2.1 ಹೋಮ್ ಥಿಯೇಟರ್ ಅಂಥದ್ದಲ್ಲ. ಒಂದು ದೊಡ್ಡ ಬೇಸ್ ಡಬ್ಬಿ, ಎರಡು ಪುಟಾಣಿ ಸ್ಪೀಕರ್. ಗಿಟಾರ್ ಇರುವ ನಡುವಿನ ಜಾಗದಲ್ಲೇ ದನಿ ತೆಳುವಾಗಿರುತ್ತದೆ. ಕಂಬಕ್ಕೆ ಕಟ್ಟುವ ಹಾರ್ನ್ ಮಾತಿಗಾಗಿ ಮಾಡಿದ್ದು, ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ಹೆಚ್ಚು ಹೊರಡಿಸುವುದಿಲ್ಲ. ಗಿಟಾರಿನ ಅತಿ ದಪ್ಪ ತಂತಿಯ ಶ್ರುತಿ 82 ಹರ್ಟ್ಸ್.

ಕಡಿಮೆ ದುಡ್ಡಿಗೆ ನನ್ನ ಆಯ್ಕೆ 8 ಅಥವಾ 10 ಇಂಚಿನ ವೂಫರ್, ಜೊತೆಗೆ ಟ್ವೀಟರ್ ಇರುವ, ಒಳಗೇ ಆಂಪ್ಲಿಫೈಯರ್ ಉಳ್ಳ ಆಕ್ಟಿವ್ ಪಿಎ ಸ್ಪೀಕರ್. ಅದಕ್ಕೇ ಮೈಕ್ ಹಾಕಿ ಭಜನೆಗೂ ಬಳಸಬಹುದು. ರೂಮಿನಲ್ಲಿ ಅಭ್ಯಾಸಕ್ಕಷ್ಟೇ ಬೇಕಿದ್ದರೆ ವೈರ್ ಇರುವ ಒಳ್ಳೆಯ ಹೆಡ್‌ಫೋನ್ ಸಾಕು, ಸ್ಪೀಕರೇ ಬೇಡ. ಜಾತ್ರೆಗಂತೂ ಸೌಂಡ್ ಸರ್ವಿಸ್‌ನವರು ಹೇಗೂ ಬಂದಿರುತ್ತಾರೆ. ಮಾಡೆಲರಿನಿಂದ ಅವರ ಮಿಕ್ಸರಿಗೆ ಒಂದು ವೈರ್ ಕೊಟ್ಟರೆ ಮೈದಾನದ ಚಿಂತೆ ಅವರದು.

ಅಂಗಡಿಗೆ ಹೋಗುವಾಗ ನಿಮ್ಮ ಗಿಟಾರ್, ಮಾಡೆಲರ್ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಕೇಳಿ ನಿರ್ಧರಿಸಬೇಡಿ. ಬೇಸ್ ಬೂಸ್ಟ್ ಆಫ್ ಮಾಡಿಸಿ, ಹತ್ತು ನಿಮಿಷ ಜೋರಾಗಿ ನುಡಿಸಿ, ದಪ್ಪ ತಂತಿ ಮೀಟಿದಾಗ ಪೆಟ್ಟಿಗೆ ಗರಗರ ಅನ್ನುತ್ತದೆಯೇ ಗಮನಿಸಿ. ಕೊಂಡ ಮೇಲೆ ಇನ್ನೊಂದು ಕೆಲಸ ಇದೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುವುದರಿಂದ, ರಾತ್ರಿ ಮನೆಯಲ್ಲಿ ಮೆಲ್ಲಗೆ ಹೊಂದಿಸಿದ ಟೋನ್ ಸ್ಟೇಜಿನಲ್ಲಿ ಗುಂಯ್‌ಗುಡುತ್ತದೆ. ಕಾರ್ಯಕ್ರಮಕ್ಕೆ ಮೊದಲೇ ಹೋಗಿ, ಅಲ್ಲಿನ ಸದ್ದಿಗೆ ತಕ್ಕಂತೆ ಬೇಸ್ ಇಳಿಸಿ ಸೇವ್ ಮಾಡಿಟ್ಟುಕೊಳ್ಳಿ.